ಹೊಡೆಯದ ಸಾಲು ಎಂತಾಗಿತ್ತು ಮಾರಾಯ್ರೆ?

ಅಡಿಕೆ ವಿಷಯದಲ್ಲಿ ಮಲೆನಾಡಿನವರಿಗೆ ಟೋಪಿ ಹಾಕೋದು ಸುಲಭ ಅಲ್ಲ. ಎಲೆಚುಕ್ಕಿ ರೋಗಕ್ಕೆ ಹೊಸ ಔಷಧಿ ಬಂದಿದೆ ಅಂತ ಯಾರಾದರೂ ಬಾಟಲಿ ಹಿಡಿದುಕೊಂಡು ತೀರ್ಥಹಳ್ಳಿ ಕಡೆಯ ಒಂದು ಮನೆಯ ಜಗಲಿ ಹತ್ತಲಿ ನೋಡೋಣ. ಕೂರಿಸ್ತಾರೆ, ಕಾಫಿ ಕೊಡ್ತಾರೆ, ಆಮೇಲೆ ವಿಚಾರಣೆ ಶುರು. ಯಾರ ತೋಟಕ್ಕೆ ಹೊಡೆದಿದ್ದೀರಿ? ಮಳೆಗೆ ಮೊದಲಾ, ಆಮೇಲಾ? ಲೀಟರಿಗೆ ಎಷ್ಟು ಹಾಕಿದ್ರಿ? ಅವನು ಎಲ್ಲದಕ್ಕೂ ಉತ್ತರ ಕೊಟ್ಟು ಬೆವರು ಒರೆಸಿಕೊಳ್ಳುವ ಹೊತ್ತಿಗೆ, ಅಷ್ಟೊತ್ತು ಎಲೆಅಡಿಕೆ ಜಗಿಯುತ್ತಾ ಸುಮ್ನೆ ಕೂತಿದ್ದ ಹಿರಿಯರು ಬಾಯಿ ಖಾಲಿ ಮಾಡಿಕೊಂಡು ಬಂದು ಕೇಳ್ತಾರೆ: "ಅದೆಲ್ಲ ಸರಿ, ಔಷಧಿ ಹೊಡೆಯದ ಸಾಲು ಎಂತಾಗಿತ್ತು ಮಾರಾಯ್ರೆ?"

ಬಾಟಲಿಯವನು ಅರ್ಧ ಲೋಟ ಕಾಫಿ ಅಲ್ಲೇ ಬಿಟ್ಟು ಎದ್ದ ಅಂತಲೇ ಲೆಕ್ಕ.

ಎಲ್ಲರೂ ಇಷ್ಟು ಗಟ್ಟಿ ಅಂದರೆ ಸುಳ್ಳಾಗುತ್ತೆ. ತೋಟ ಒಣಗ್ತಾ ಬಂದಾಗ ಸಿಕ್ಕ ಸಿಕ್ಕ ಡಬ್ಬ ತಂದು ಸುರಿದವರೂ ಇದ್ದಾರೆ. ಆದರೆ ಅವರೂ ನಾಲ್ಕು ಮರ ಹಾಗೇ ಬಿಟ್ಟಿರ್ತಾರೆ, ನೋಡುವಾ ಅಂತ. ಇದೇನು ಇವತ್ತಿನ ಬುದ್ಧಿಯಲ್ಲ. 1910ರ ಸುಮಾರಿಗೆ ಮೈಸೂರು ಸರ್ಕಾರದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗವನ್ನು ಅಧ್ಯಯನ ಮಾಡಿ, ಅಡಿಕೆ ಗೊನೆಗಳಿಗೆ ಬೋರ್ಡೋ ದ್ರಾವಣ ಹೊಡೆದರೆ ರೋಗ ತಡೀಬಹುದು ಅಂತ ತೋರಿಸಿದರು. ಅಂದಿನಿಂದ ನಮಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು ಬಾಯಿಪಾಠ. ಅದನ್ನೂ ಕಣ್ಣುಮುಚ್ಚಿ ನಂಬೋದಿಲ್ಲ. ಕಲಸಿದ ಮೇಲೆ ಕಬ್ಬಿಣದ ಕತ್ತಿ ಅದ್ದಿ ಎತ್ತಿ ನೋಡ್ತೀವಿ. ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಸುಣ್ಣ ಸಾಲದು, ಇನ್ನೊಂದಿಷ್ಟು ಹಾಕು.

ಇಷ್ಟು ಹುಷಾರಿನ ಜನ ನಾವು. ಈಗ ಇದೇ ಜನರನ್ನ ಮನಸ್ಸಿನ ಕಾಯಿಲೆ ಅಂತ ಒಂದು ಕಲ್ಯಾಣ ಮಂಟಪಕ್ಕೆ ಕರೆದುಕೊಂಡು ಹೋಗಿ.

ಅಕ್ಟೋಬರ್ 10, ವಿಶ್ವ ಮಾನಸಿಕ ಆರೋಗ್ಯ ದಿನ. ವೇದಿಕೆ ತುಂಬ ಗಣ್ಯರು, ಹೊರಗೆ ಅವರಿಗಿಂತ ದೊಡ್ಡ ಬ್ಯಾನರ್. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಅನ್ನೋ ನಂಬರ್ ಕೂಡ ಅದರಲ್ಲಿತ್ತು. ಆದರೆ ಗಣ್ಯರ ಫೋಟೊಗಳಿಗೆ ಜಾಗ ಸಾಲದೆ ಅದು ಮೂಲೆಗೆ ಸರಿದು, ಪ್ರಿಂಟಿಂಗ್ ಪ್ರೆಸ್ಸಿನ ಹೆಸರಿಗಿಂತ ಸಣ್ಣದಾಗಿತ್ತು. ಮುಖ್ಯ ಅತಿಥಿ ಮನೋವೈದ್ಯರಲ್ಲ, 'ಮೈಂಡ್ ಕೋಚ್'. ಕಾಲರ್ ಮೈಕು, ಬಣ್ಣ ಬಣ್ಣದ ಮೆದುಳಿನ ಸ್ಲೈಡು. "ನಾವು ಮೆದುಳಿನ ಹತ್ತು ಪರ್ಸೆಂಟ್ ಮಾತ್ರ ಬಳಸ್ತೀವಿ, ಅಮೆರಿಕದ ಸಂಶೋಧನೆ ಹೇಳುತ್ತೆ" ಅಂದರು. ಯಾವ ಸಂಶೋಧನೆಯೂ ಹಾಗೆ ಹೇಳಿಲ್ಲ. ಆದರೆ ಚಪ್ಪಾಳೆ ನೋಡಿದರೆ ಉಳಿದ ತೊಂಬತ್ತು ಪರ್ಸೆಂಟ್ ಮನೆಯಲ್ಲೇ ಬಿಟ್ಟು ಬಂದಿದ್ದೇವೆ ಅಂತ ಸಭೆಗೂ ಅನುಮಾನ ಇದ್ದಂತಿತ್ತು.

ಆಮೇಲೆ ಸಾಕ್ಷಿಗಳು. ಒಬ್ಬರು ಎದ್ದು ನಿಂತು, ಇಪ್ಪತ್ತೊಂದು ದಿನ ಕೋರ್ಸ್ ಮಾಡಿದೆ, ಖಿನ್ನತೆ ಹೋಯ್ತು ಅಂದರು. ಇನ್ನೊಬ್ಬರು ಮಾತ್ರೆಯನ್ನೇ ಬಿಟ್ಟೆ ಅಂದರು, ಅದಕ್ಕೆ ಜಾಸ್ತಿ ಚಪ್ಪಾಳೆ. ಮೊದಲ ಸಾಲಿನಲ್ಲಿ ಬಾಟಲಿಯವನ ಬೆವರಿಳಿಸಿದ ಅದೇ ಹಿರಿಯರು. ಬಾಯಲ್ಲಿ ಎಲೆಅಡಿಕೆ ಕೂಡ ಇರಲಿಲ್ಲ. ಒಂದೇ ಒಂದು ಪ್ರಶ್ನೆ ಹೊರಡಲಿಲ್ಲ.

ಕೇಳಬೇಕಾದ್ದು ಅದೇ ಹಳೇ ಪ್ರಶ್ನೆ. ಖಿನ್ನತೆ ಎಷ್ಟೋ ಜನರಲ್ಲಿ ಕೆಲವು ತಿಂಗಳಲ್ಲಿ ತಾನಾಗೇ ಸ್ವಲ್ಪ ಇಳಿಯುತ್ತೆ. ಜನ ಸಹಾಯ ಹುಡುಕಿಕೊಂಡು ಹೋಗೋದೇ ತೀರಾ ಕೆಟ್ಟ ದಿನಗಳಲ್ಲಿ. ಹಾಗಾಗಿ ಆಮೇಲಿನ ದಿನಗಳು ಏನೂ ಮಾಡದಿದ್ದರೂ ಕೊಂಚ ಹಗುರ ಅನ್ನಿಸೋದು ಸಹಜ. ಆ ಹೊತ್ತಿಗೆ ಯಾರು ಪಕ್ಕದಲ್ಲಿದ್ದರೋ ಅವರಿಗೇ ಕೀರ್ತಿ. ಕೋರ್ಸ್ ಮಾಡದವರು ಎಂತಾದರು ಅಂತ ನೋಡದೆ ಕೋರ್ಸಿನಿಂದ ಗುಣ ಆಯ್ತು ಅನ್ನೋದು ಹೇಗೆ? ಮೈಂಡ್ ಕೋಚ್ ಹತ್ತಿರ ಇದಕ್ಕೆ ತಯಾರಿ ಇದೆ. ಗುಣ ಆದರೆ ಅವರ ವಿಧಾನ. ಆಗದಿದ್ದರೆ ನಿಮ್ಮ ನಂಬಿಕೆ ಸಾಲದು. ಬೋರ್ಡೋ ಕೆಲಸ ಮಾಡದಿದ್ದರೆ ಮರಕ್ಕೆ ಭಕ್ತಿ ಕಮ್ಮಿ ಅಂತ, ಮರ ಹತ್ತಿ ಔಷಧಿ ಹೊಡೆಯುವ ಯಾವ ಕೊನೆಗಾರನಾದರೂ ಹೇಳಿದ್ದನ್ನ ಕೇಳಿದ್ದೀರಾ?

ಕೋಚ್‌ಗಳನ್ನೇ ಬೈದರೆ ಅನ್ಯಾಯ. ದೊಡ್ಡ ಡಾಕ್ಟರುಗಳೂ ಇದೇ ಹಳ್ಳಕ್ಕೆ ಬಿದ್ದಿದ್ದರು. 1930ರ ದಶಕದಲ್ಲಿ ಸ್ಕಿಜೋಫ್ರೇನಿಯಾ ಅನ್ನೋ ತೀವ್ರ ಮನೋರೋಗಕ್ಕೆ ಇನ್ಸುಲಿನ್ ಕೋಮಾ ಅಂತ ಚಿಕಿತ್ಸೆ ಬಂತು. ಇನ್ಸುಲಿನ್ ಚುಚ್ಚಿ ಸಕ್ಕರೆ ಅಂಶ ಇಳಿಸಿ ರೋಗಿಯನ್ನ ಪ್ರಜ್ಞೆ ತಪ್ಪಿಸೋದು, ಆಮೇಲೆ ಗ್ಲೂಕೋಸ್ ಕೊಟ್ಟು ಎಬ್ಬಿಸೋದು, ವಾರಗಟ್ಟಲೆ ಹೀಗೇ. ಕೆಲವರು ಎದ್ದೇಳಲೇ ಇಲ್ಲ. ಅದಕ್ಕೇ ಬೇರೆ ವಾರ್ಡು, ಅಲ್ಲಿ ತರಬೇತಾದ ನರ್ಸುಗಳು, ದೇಶ ದೇಶಗಳಲ್ಲಿ ಹೆಸರು. 1953ರಲ್ಲಿ ಹೆರಾಲ್ಡ್ ಬೋರ್ನ್ ಅನ್ನೋ ಕಿರಿಯ ವೈದ್ಯ, ಇದು ಬರೀ ಭ್ರಮೆ ಅಂತ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಬರೆದ. ಹಿರಿಯರು ಸಿಟ್ಟಾದರು, ನಮ್ಮ ಕಣ್ಣಾರೆ ಕಂಡಿದ್ದೇವೆ ಅಂದರು. 1957ರಲ್ಲಿ ಲಂಡನ್ನಿನಲ್ಲಿ ಹೊಡೆಯದ ಸಾಲು ಇಟ್ಟು ನೋಡಿಯೇ ಬಿಟ್ಟರು. ಕೆಲವರಿಗೆ ಇನ್ಸುಲಿನ್‌ನಿಂದ ಪ್ರಜ್ಞೆ ತಪ್ಪಿಸಿದರು, ಕೆಲವರಿಗೆ ನಿದ್ರೆ ಔಷಧಿಯಿಂದ. ಆರೈಕೆ ಎಲ್ಲರಿಗೂ ಒಂದೇ. ಫಲಿತಾಂಶವೂ ಒಂದೇ. ಇನ್ಸುಲಿನ್‌ನಿಂದ ಅಂತ ವಿಶೇಷ ಏನೂ ಇರಲಿಲ್ಲ. ಕೆಲವೇ ವರ್ಷಗಳಲ್ಲಿ ಆ ವಾರ್ಡುಗಳು ಬಾಗಿಲು ಹಾಕಿದವು.

ಮೆದುಳು ಕತ್ತರಿಸುವ ಶಸ್ತ್ರಚಿಕಿತ್ಸೆಗೆ 1949ರಲ್ಲಿ ನೊಬೆಲ್ ಕೊಟ್ಟ ಕಥೆ ಬೇಡ ಬಿಡಿ, ಊಟದ ಹೊತ್ತು.

ತಮಾಷೆ ಅಂದರೆ, ಕೋಚ್ ಸಾಹೇಬರು ಪುರಾವೆಗಾಗಿ ಅಮೆರಿಕದವರೆಗೆ ಹೋಗುವ ಅಗತ್ಯವೇ ಇರಲಿಲ್ಲ. ತೀರ್ಥಹಳ್ಳಿ ದಾರಿಯ ಮಂಡಗದ್ದೆ ದಾಟಿದರೆ ಸಾಕಿತ್ತು. ತೀರ್ಥಹಳ್ಳಿ ತಾಲ್ಲೂಕಿನಲ್ಲೇ ಬೆಂಗಳೂರಿನ ನಿಮ್ಹಾನ್ಸ್‌ನವರು ಸ್ಕಿಜೋಫ್ರೇನಿಯಾ ಇರುವವರನ್ನ ಊರೂರಲ್ಲಿ ಗುರುತಿಸಿ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಆಶಾ ಕಾರ್ಯಕರ್ತೆಯರೂ ಕೈಜೋಡಿಸಿದ್ದರು. ಮಾತ್ರೆ ತೆಗೆದುಕೊಳ್ಳುತ್ತಿದ್ದವರು ಹೇಗಿದ್ದಾರೆ, ತೆಗೆದುಕೊಳ್ಳದವರು ಹೇಗಿದ್ದಾರೆ ಅಂತ ನೋಡಿದರು. ನೋಡಿದ್ದು ಭಾವಚಿತ್ರದ ನಗುವನ್ನಲ್ಲ. ಸ್ನಾನ-ಊಟ ತಾನೇ ಮಾಡಿಕೊಳ್ತಾರಾ, ಜನರ ಜೊತೆ ಬೆರೀತಾರಾ, ಹೇಳಿದ್ದು ಅರ್ಥ ಆಗುತ್ತಾ, ಕೆಲಸಕ್ಕೆ ಹೋಗ್ತಾರಾ ಅಂತ. ಚಿಕಿತ್ಸೆಯಲ್ಲಿದ್ದವರ ತೊಂದರೆ ಕಡಿಮೆ ಇತ್ತು. ಪೂರ್ತಿ ವಾಸಿ ಅಂತ ಅವರು ಡಂಗುರ ಹೊಡೆಯಲಿಲ್ಲ. ಅದಕ್ಕೇ ಇರಬೇಕು, ಯಾರೂ ಅವರಿಗೆ ಶಾಲು ಹೊದಿಸಿದ ಸುದ್ದಿ ನಮ್ಮೂರಲ್ಲಿ ಇಲ್ಲ. ನಮ್ಮ ತಾಲ್ಲೂಕಿನ ಪುರಾವೆಯನ್ನ ವಿದೇಶದವರು ಪತ್ರಿಕೆಯಲ್ಲಿ ಓದ್ತಾರೆ, ನಾವು ವಿದೇಶದ ಹೆಸರಿನ ಸುಳ್ಳನ್ನ ಮಂಟಪದಲ್ಲಿ ಕೇಳ್ತೀವಿ.

ಮಾತ್ರೆ ಒಂದೇ ದಾರಿ ಅಂತಲೂ ಪುರಾವೆ ಹೇಳೋದಿಲ್ಲ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ವೈದ್ಯರಲ್ಲದ ಸ್ಥಳೀಯರಿಗೇ ತರಬೇತಿ ಕೊಟ್ಟು ತೀವ್ರ ಖಿನ್ನತೆ ಇರುವವರ ಜೊತೆ ಆರರಿಂದ ಎಂಟು ಸಲ ಕೂತು ಮಾತಾಡಿಸಿದರು. ಮಾಮೂಲಿ ಆರೈಕೆ ಮಾತ್ರ ಸಿಕ್ಕವರಿಗಿಂತ ಇವರು ಹೆಚ್ಚು ಚೇತರಿಸಿಕೊಂಡರು. 2017ರಲ್ಲಿ ಅದು ಅದೇ 'ಲ್ಯಾನ್ಸೆಟ್'ನಲ್ಲಿ ಬಂತು. ಅಲ್ಲಿ ಮಾಡಿಸಿದ್ದಾದರೂ ಎಂತದು? ಕೈಬಿಟ್ಟಿದ್ದ ಕೆಲಸದಲ್ಲಿ ಸಣ್ಣದೊಂದನ್ನ ಮತ್ತೆ ಹಿಡಿಯೋದು, ಮನೆಯಿಂದ ಹೊರಗೆ ನಾಲ್ಕು ಹೆಜ್ಜೆ ಹಾಕೋದು, ಮುಂದಿನ ಸಲ ಬಂದು ಹೇಗಾಯ್ತು ಅಂತ ಹೇಳೋದು. ಇದಕ್ಕೆ ಸ್ಲೈಡ್ ಮಾಡೋದು ಕಷ್ಟ. ಸ್ಮರಣಿಕೆ ಕೊಡೋದು ಇನ್ನೂ ಕಷ್ಟ.

2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಪ್ರಕಾರ, ಕಾಯಿಲೆಗೆ ತಕ್ಕಂತೆ ಶೇ 70ರಿಂದ 92ರಷ್ಟು ಜನರಿಗೆ ಚಿಕಿತ್ಸೆಯೇ ಸಿಗೋದಿಲ್ಲ. ಅಧ್ಯಕ್ಷರು ಭಾಷಣದಲ್ಲಿ ಈ ಅಂಕಿ ಓದಿದರು. ಓದಿ, ಇದಕ್ಕೆಲ್ಲ ಜಾಗೃತಿ ಇಲ್ಲದಿರೋದೇ ಕಾರಣ, ಆದ್ದರಿಂದ ಇಂಥ ಕಾರ್ಯಕ್ರಮಗಳು ಇನ್ನಷ್ಟು ಆಗಬೇಕು ಅಂದರು. ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಅಂತ ಸರ್ಕಾರದ ಕ್ಲಿನಿಕ್ ನಡೆಯುತ್ತೆ ಅನ್ನೋದನ್ನ ವೇದಿಕೆ ಮೇಲೆ ಯಾರೂ ಹೇಳಲಿಲ್ಲ. ಹೇಳಬೇಕಾಗಿದ್ದ ಸರ್ಕಾರಿ ವೈದ್ಯರಿಗೆ ಎರಡು ನಿಮಿಷ ಕೊಟ್ಟಿದ್ದರು. ಅದು ಹೂಗುಚ್ಛ ತಗೊಳ್ಳೋದರಲ್ಲೇ ಮುಗಿದಿತ್ತು.

ವಂದನಾರ್ಪಣೆ ಮಾಡುವವರು ಕೊನೆಗೆ ಒಂದು ಪ್ರಕಟಣೆ ಓದಿದರು. ಮುಂದಿನ ತಿಂಗಳು ಸಾಗರದಲ್ಲಿ ಕೋರ್ಸಿನ ಎರಡನೇ ಹಂತ. ಮೊದಲನೇ ಹಂತದಲ್ಲಿ ಗುಣ ಕಾಣದವರಿಗೆ ಶುಲ್ಕದಲ್ಲಿ ವಿಶೇಷ ರಿಯಾಯಿತಿ. ಹೆಸರು ಬರೆಸೋರ ಸಾಲು ಊಟದ ಸಾಲಿಗಿಂತ ಉದ್ದ ಆಯ್ತು, ಪಾಯಸ ಇದ್ದರೂ.