ಮಾವನ ಪೆನ್‌ಡ್ರೈವೂ ನಾದಿನಿಯ ಸಾಲಾವಳಿಯೂ

ನಾದಿನಿಗೆ ಗಂಡು ನೋಡೋಕೆ ಶುರು ಮಾಡಿದ ಮೇಲೆ ನಮ್ಮ ಮಾವನವರಿಗೆ ಹಳೇ ಜಾತಕದ ಸಾಫ್ಟ್‌ವೇರ್ ನೆನಪಾಯಿತು. ವಿಂಡೋಸ್ ಎಕ್ಸ್‌ಪಿ ಕಾಲದ್ದು. ಮೊಬೈಲಲ್ಲೇ ಬೇಕಾದಷ್ಟು ಆ್ಯಪ್ ಇವೆ ಅಂದರೆ, "ಅದರಲ್ಲಿ ಎಲ್ರಿಗೂ ಸಾಲಾವಳಿ ಕೂಡುತ್ತೆ ಅಳಿಯಂದ್ರೇ, ನಂಬೋಕಾಗಲ್ಲ" ಅನ್ನುತ್ತಾರೆ. ಅವರ ಮನೆಯ ಕಂಪ್ಯೂಟರಿನಲ್ಲಿ ವಿಂಡೋಸ್ ಬದಲು ಇರುವುದು ಲಿನಕ್ಸ್ ಮಿಂಟ್. ಅದರ ಮೇಲೆ ವೈನ್ ಹಾಕಿಕೊಟ್ಟೆ, ವಿಂಡೋಸ್ ಪ್ರೋಗ್ರಾಮ್‌ಗಳನ್ನು ಲಿನಕ್ಸಿನಲ್ಲಿ ಓಡಿಸುವ ಸಾಫ್ಟ್‌ವೇರ್ ಅದು. ಆ ಹೆಸರಿನ ಬಗ್ಗೆ ಅತ್ತೆಯವರ ಜೊತೆ ನಡೆದ ಚರ್ಚೆ ಇಲ್ಲಿ ಬೇಡ.

ಸಾಫ್ಟ್‌ವೇರ್ ಇದ್ದದ್ದು ಅವರ ಪೆನ್‌ಡ್ರೈವಿನಲ್ಲಿ. ಅದು ಊರಿನ ಝೆರಾಕ್ಸ್ ಅಂಗಡಿಗಳನ್ನೆಲ್ಲ ಸುತ್ತಿ ಬಂದ ಪೆನ್‌ಡ್ರೈವ್. ತೆರೆದರೆ ಒಳಗೆ 'ನ್ಯೂ ಫೋಲ್ಡರ್' ಅಂತ ಒಂದು. ಮಿಂಟ್‌ನಲ್ಲಿ ಉಳಿದ ಫೋಲ್ಡರ್‌ಗಳೆಲ್ಲ ಹಸಿರು, ಇದೊಂದು ಮಾತ್ರ ಹಳದಿ. ಹೆಸರಿನ ಬಾಲದಲ್ಲಿ '.ಇಎಕ್ಸ್‌ಇ' ಬೇರೆ, ಅಂದರೆ ಅದು ಫೋಲ್ಡರ್ ವೇಷ ಹಾಕಿದ ವಿಂಡೋಸ್ ಪ್ರೋಗ್ರಾಮ್. ನಾನು ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಮಾವ ಅದರ ಮೇಲೆ ಟಕಟಕ ಎರಡು ಸಲ ಒತ್ತಿಯಾಗಿತ್ತು.

ಜಾತಕದ ಸಾಫ್ಟ್‌ವೇರ್ ಯಾವುದೋ ಫೈಲ್ ಇಲ್ಲ ಅಂತ ಹಟ ಹಿಡಿದು ಕೂತಿತು. ವೈರಸ್ ಮಾತ್ರ ಒಂದು ತಕರಾರೂ ಇಲ್ಲದೆ ಓಡಿತು. ಮದುವೆ ಫೋಟೋಗಳು, ಪಹಣಿ, ಕರೆಂಟ್ ಬಿಲ್ಲು ಎಲ್ಲದರ ಪಕ್ಕದಲ್ಲೂ ಒಂದೊಂದು ಹಳದಿ ಫೋಲ್ಡರ್ ಬಂದು ಕೂತವು.

"ಲಿನಕ್ಸಿಗೆ ವೈರಸ್ ಬರಲ್ಲ ಅಂದಿದ್ರಲ್ಲ?" ಅಂದರು ಮಾವ.

ಅಂದಿದ್ದು ಹೌದು. ಬಂದದ್ದು ವಿಂಡೋಸ್ ವೈರಸ್, ವೈನ್ ಅದಕ್ಕೂ ಆತಿಥ್ಯ ಮಾಡಿತು ಅಷ್ಟೇ. ವೈನ್ ಬರೀ ದುಭಾಷಿ. ವಿಂಡೋಸ್ ಪ್ರೋಗ್ರಾಮ್ ಕೇಳಿದ್ದನ್ನು ಲಿನಕ್ಸಿಗೆ ತಿಳಿಯುವ ಹಾಗೆ ಹೇಳುತ್ತೆ. ಕೇಳಿದ್ದು ಒಳ್ಳೆಯದೋ ಕೆಟ್ಟದ್ದೋ ವಿಚಾರಿಸೋದು ಅದರ ಕೆಲಸ ಅಲ್ಲ. ವೈನ್ ಒಳಗೆ ಒಂದು 'ಸಿ' ಡ್ರೈವ್ ಇರುತ್ತೆ, ಅದು ಸುಳ್ಳು ಸಿ ಡ್ರೈವ್, ಹಾಳಾದರೆ ಅಳಿಸಬಹುದು. ಪಕ್ಕದಲ್ಲೇ 'ಝಡ್' ಅಂತ ಇನ್ನೊಂದು ಇದೆ, ಅದೇ ಕಂಪ್ಯೂಟರಿನ ಇಡೀ ಕಡತ ವ್ಯವಸ್ಥೆ. ನೀವು ಏನನ್ನು ತಿದ್ದಬಹುದೋ, ಅಳಿಸಬಹುದೋ, ಅದನ್ನೆಲ್ಲ ಆ ಪ್ರೋಗ್ರಾಮೂ ಮಾಡಬಹುದು. ಕಡತಗಳಿಗೆ ಬೀಗ ಜಡಿದು ದುಡ್ಡು ಕೇಳುವ ಜಾತಿಯದ್ದು ಬಂದಿದ್ದರೆ ಪಹಣಿಯ ಕತೆ ಮುಗಿದಿರುತ್ತಿತ್ತು. ಇಷ್ಟಾದರೂ 'ಸುಡೋ' ಹಾಕಿ, ಅಂದರೆ ಇಡೀ ಕಂಪ್ಯೂಟರಿನ ಯಜಮಾನಿಕೆಯನ್ನೇ ಕೊಟ್ಟು, ವೈನ್ ಓಡಿಸುವ ಧೀರರಿದ್ದಾರೆ. ಅವರಿಗೊಂದು ದೊಡ್ಡ ನಮಸ್ಕಾರ.

'ವೈನ್‌ಸರ್ವರ್ -ಕೆ' ಅಂತ ಟೈಪಿಸಿ ವೈನ್ ಒಳಗೆ ಓಡುತ್ತಿದ್ದುದನ್ನೆಲ್ಲ ನಿಲ್ಲಿಸಿದೆ. ಹಳದಿಗಳನ್ನು ಹುಡುಕಿ ಹುಡುಕಿ ಅಳಿಸಿದೆ. ಮುಂದೇನು? ವೈನ್ ಸೆಟ್ಟಿಂಗ್‌ನಲ್ಲಿ ಝಡ್ ಡ್ರೈವ್ ತೆಗೆಯಬಹುದು, ಡಾಕ್ಯುಮೆಂಟ್ಸ್‌ಗೆ ಇರುವ ಕೊಂಡಿಯನ್ನೂ ಕಳಚಬಹುದು. ಆದರೆ ಕಿಲಾಡಿ ಪ್ರೋಗ್ರಾಮ್ ವೈನನ್ನು ದಾಟಿ ನೇರ ಲಿನಕ್ಸಿಗೇ ಕೈ ಹಾಕಬಲ್ಲದು. ವೈನನ್ನೇ ಬೇಲಿಯೊಳಗೆ ಓಡಿಸುವ 'ಬಾಟಲ್ಸ್' ಅಂತೊಂದು ಫ್ಲಾಟ್‌ಪ್ಯಾಕ್ ರೂಪದಲ್ಲಿ ಸಿಗುತ್ತೆ, ಅದು ಇದಕ್ಕಿಂತ ಎಷ್ಟೋ ವಾಸಿ, ನಾವಾಗಿ ಬಿಡದೆ ನಮ್ಮ ಹೆಚ್ಚಿನ ಕಡತಗಳು ಅದಕ್ಕೆ ಕಾಣಲ್ಲ. ಹೆಸರು ನೋಡಿದರೆ ಅತ್ತೆಯವರ ಅನುಮಾನ ಗಟ್ಟಿಯಾಗುತ್ತಿತ್ತು, ಹಾಗಾಗಿ ಕೈಬಿಟ್ಟೆ.

ಜಾತಕದ ಸಾಫ್ಟ್‌ವೇರ್ ವೈನ್‌ನಲ್ಲಿ ಓಡುವವರೆಗೆ ಕಾಯೋಣವೆಂದರೆ, ವೈನ್ 1993ರಲ್ಲಿ ಶುರುವಾಗಿ 1.0 ಆವೃತ್ತಿ ತಲುಪಿದ್ದೇ 2008ರಲ್ಲಿ. ನಾದಿನಿ ಅಷ್ಟು ವರ್ಷ ಕಾಯಲ್ಲ. ಕೊನೆಗೆ ಕಂಪ್ಯೂಟರಿನೊಳಗೇ ಇನ್ನೊಂದು ಸುಳ್ಳು ಕಂಪ್ಯೂಟರ್ ಮಾಡಿಕೊಡುವ ವರ್ಚುವಲ್‌ಬಾಕ್ಸ್ ಹಾಕಿ, ಅದರೊಳಗೆ ಹಳೇ ವಿಂಡೋಸ್ ಕೂರಿಸಿದೆ. ಇಂಟರ್ನೆಟ್ ಇಲ್ಲ, ಶೇರ್ಡ್ ಫೋಲ್ಡರ್ ಇಲ್ಲ. ಪೆನ್‌ಡ್ರೈವ್ ನೇರ ಅದರೊಳಗೇ ಹೋಗುತ್ತೆ. ಸಾಫ್ಟ್‌ವೇರ್ ಓಡಿತು. ಶುದ್ಧವಾಗಿದ್ದಾಗಲೇ ಒಂದು ಸ್ನ್ಯಾಪ್‌ಶಾಟ್, ಅಂದರೆ ಆ ಕ್ಷಣದ ಸ್ಥಿತಿಯ ಪೂರ್ತಿ ಪ್ರತಿ, ತೆಗೆದಿಟ್ಟು ಮಾವನಿಗೆ ಹೇಳಿಕೊಟ್ಟೆ: ಕೆಲಸ ಮುಗಿದ ಮೇಲೆ ಇದನ್ನು ಒತ್ತಿ, ವೈರಸ್ ಬಂದಿದ್ದರೂ ಎಲ್ಲ ಮೊದಲಿನ ಹಾಗೆ ಆಗುತ್ತೆ.

ಮಾವ ಶಿಸ್ತಿನ ಮನುಷ್ಯ. ಪ್ರತಿದಿನ ಒತ್ತಿದರು. ಎಲ್ಲ ಮೊದಲಿನ ಹಾಗೆ ಆಯಿತು, ಸೇವ್ ಮಾಡಿದ ವರಗಳೂ ಮಾಯ.

"36ಕ್ಕೆ 28 ಗುಣ ಬಂದಿತ್ತು ಅಳಿಯಂದ್ರೇ, ದಾವಣಗೆರೆ ಹುಡುಗ. ಎಲ್ಲಿ ಹೋದ?"

ಈಗ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡು ಬರೆದುಕೊಳ್ಳುತ್ತಿದ್ದಾರೆ. ನಾದಿನಿ ಮಾತ್ರ ಆ ಸ್ನ್ಯಾಪ್‌ಶಾಟ್ ಒತ್ತೋದು ಹೇಗೆ ಅಂತ ನನ್ನ ಹತ್ತಿರ ಗುಟ್ಟಾಗಿ ಕಲಿತುಕೊಂಡಿದ್ದಾಳೆ.