ಬಣ್ಣ ಆಮೇಲೆ, ಮೊದಲು ಎಂಜಿನ್ ಬಿಚ್ಚಿ

ಹಳೆಯ ಗಾರ್ಡನ್ ಟ್ರ್ಯಾಕ್ಟರ್ ಕೊಂಡ ಮಾರನೇ ದಿನವೇ ಸ್ಪ್ರೇ ಪೇಂಟ್ ತರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮೂರು ಕೋಟ್ ಹಸಿರು, ಚಕ್ರಕ್ಕೆ ಹಳದಿ, ಹೊಸ ಸ್ಟಿಕರ್, ಒಂದು ಫೋಟೋ. ‘ರಿಸ್ಟೋರ್ ಮಾಡಿದೆ’ ಅಂತ ಕೆಳಗೊಂದು ಸಾಲು. ಆಯಿಲ್ ಬದಲಿಸಿದ್ರಾ ಅಂತ ಕೇಳಿ, ಉತ್ತರ ಬರಲ್ಲ.

ಊರಿನ ಗೆಳೆಯರಿಗೆ ಸ್ವಲ್ಪ ಹೇಳಬೇಕು. ಇದು ಗದ್ದೆ ಉಳುವ ಟ್ರ್ಯಾಕ್ಟರ್ ಅಲ್ಲ. ನಾನು ಹೇಳುತ್ತಿರುವ ಯಂತ್ರದ ಶಕ್ತಿ 8 ಎಚ್‌ಪಿ, ನಮ್ಮ ಕಡೆಯ ಪವರ್ ಟಿಲ್ಲರ್‌ಗಿಂತಲೂ ಕಡಿಮೆ. ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಊರಾಚೆ ದೊಡ್ಡ ಹಿತ್ತಿಲಿನ ಮನೆಗಳು ಎದ್ದವು. ಬೇಸಿಗೆಯಲ್ಲಿ ಹುಲ್ಲು ಕತ್ತರಿಸಬೇಕು, ಚಳಿಗಾಲದಲ್ಲಿ ಹಿಮ ತಳ್ಳಬೇಕು, ಹಿಂದೊಂದು ತರಕಾರಿ ಮಡಿ ಇದ್ದರೆ ಅದನ್ನೂ ಉಳಬೇಕು. ಇಷ್ಟಕ್ಕೂ ಒಂದೇ ಗಾಡಿ.

ನಾವಿರುವ ವಿಸ್ಕಾನ್ಸಿನ್ ರಾಜ್ಯ ಈ ಗಾಡಿಗಳ ತವರು. ಹಸಿರು ಟ್ರ್ಯಾಕ್ಟರ್ ಕಂಪನಿ ಜಾನ್ ಡಿಯರ್ ಇವನ್ನು ಮಾಡಿದ್ದು ಹೊರಿಕಾನ್ ಎಂಬ ಊರಲ್ಲಿ. ಸಿಂಪ್ಲಿಸಿಟಿ, ಬೋಲೆನ್ಸ್ ಕಂಪನಿಗಳು ಎರಡೂ ಪೋರ್ಟ್ ವಾಷಿಂಗ್ಟನ್‌ನವು. ಇವುಗಳಲ್ಲಿ ಎಷ್ಟೋ ಗಾಡಿಗಳಿಗೆ ಎಂಜಿನ್ ಕೊಟ್ಟ ಕೊಹ್ಲರ್ ಕಂಪನಿ ಕೂಡ ಇದೇ ರಾಜ್ಯದ್ದು, ಊರಿನ ಹೆಸರೂ ಕೊಹ್ಲರ್. ಹೌದು, ಬೆಂಗಳೂರಿನ ಹೊಸ ಫ್ಲಾಟ್‌ಗಳ ಬಾತ್‌ರೂಮಿನಲ್ಲಿ ನಲ್ಲಿ ಮೇಲೆ ನೋಡ್ತೀರಲ್ಲ, ಅದೇ ಕೊಹ್ಲರ್.

ನನ್ನ ಗ್ಯಾರೇಜಿನಲ್ಲಿರುವುದು ಜಾನ್ ಡಿಯರ್ 110. ಈ ಮಾಡೆಲ್ ಬಂದದ್ದು 1963ರಲ್ಲಿ. ಮೊದಲ ವರ್ಷ 7 ಎಚ್‌ಪಿ, ಮರು ವರ್ಷದಿಂದ 8 ಎಚ್‌ಪಿಯ ಕೊಹ್ಲರ್ ಕೆ181 ಎಂಜಿನ್. ಒಂದೇ ಸಿಲಿಂಡರ್, ಪೂರ್ತಿ ಬೀಡು ಕಬ್ಬಿಣದ ಬ್ಲಾಕ್. ಸಿಲಿಂಡರ್ ಸವೆದರೆ ಬೋರ್ ಮಾಡಿಸಿ, ಅಂದರೆ ಒಳಗೆ ಕೊರೆದು ಅಗಲ ಮಾಡಿಸಿ, ಒಂದು ಸೈಜ್ ದೊಡ್ಡ ಪಿಸ್ಟನ್ ಹಾಕಬಹುದು. 0.010, 0.020, 0.030 ಇಂಚು ಅಂತ ಮೂರು ಸಲ ಅವಕಾಶ ಇದೆ. ಬಿಚ್ಚಿ ಜೋಡಿಸಲೆಂದೇ ಮಾಡಿದ ಎಂಜಿನ್ ಇದು. ಬಿಚ್ಚದೆ ಮೇಲೆ ಬಣ್ಣ ಹೊಡೆಯುವವರ ಮೇಲೆ ನನಗೆ ಕೋಪ ಬರುವುದು ಅದಕ್ಕೇ.

ಈ ಎಂಜಿನ್ನಿನಲ್ಲಿ ಆಯಿಲ್ ಪಂಪ್ ಇಲ್ಲ, ಫಿಲ್ಟರ್ರೂ ಇಲ್ಲ. ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್‌ನ ತುದಿಯಲ್ಲಿ ಒಂದು ಸಣ್ಣ ಕೊಕ್ಕೆ ಇರುತ್ತದೆ. ಅದು ಸೌಟಿನ ಹಾಗೆ ತಳದ ಆಯಿಲ್ಲನ್ನು ಎತ್ತಿ ಎಲ್ಲ ಕಡೆ ಎರಚುತ್ತದೆ, ಅಷ್ಟೇ. ಮಟ್ಟ ಇಳಿದರೆ ಎರಚುವುದಕ್ಕೆ ಏನೂ ಇರಲ್ಲ. ಅಲ್ಯುಮಿನಿಯಂ ರಾಡ್ ಬಿಸಿಯಾಗಿ ಕಚ್ಚಿಕೊಳ್ಳುತ್ತದೆ, ಮುರಿದರೆ ಬ್ಲಾಕನ್ನೇ ತೂತು ಮಾಡಿ ಆಚೆ ಬಂದರೂ ಬಂತು. ಹಾಗಾಗಿ ಪ್ರತಿ ಸಲ ಸ್ಟಾರ್ಟ್ ಮಾಡುವ ಮುಂಚೆ ಆಯಿಲ್ ನೋಡಬೇಕು. ವಾರಕ್ಕೊಮ್ಮೆ ನೋಡಿದರೆ ಸಾಲದು.

ಇನ್ನೊಂದು, ಇಲಿ. ತಮಾಷೆ ಅಲ್ಲ. ಎಂಜಿನ್ ತಣ್ಣಗಾಗುವುದು ಅದರ ಜೊತೆ ತಿರುಗುವ ಭಾರದ ಚಕ್ರ, ಫ್ಲೈವೀಲ್, ಬೀಸುವ ಗಾಳಿಯಿಂದ. ಆ ಗಾಳಿ ಹೋಗುವ ತಗಡಿನ ಕವರ್ ಒಳಗೆ ಚಳಿಗಾಲವಿಡೀ ಇಲಿಗಳು ಗೂಡು ಕಟ್ಟುತ್ತವೆ. ಹುಲ್ಲು, ಬಟ್ಟೆ ಚೂರು, ಪೇಪರ್ ಎಲ್ಲ ತುಂಬಿ ಸಿಲಿಂಡರಿನ ರೆಕ್ಕೆಗಳು ಮುಚ್ಚಿಹೋಗಿರುತ್ತವೆ. ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತ ಗಾಡಿ ತಂದವರು ಬ್ಯಾಟರಿ ಕೊಟ್ಟು ಮೊದಲು ‘ಓಡುತ್ತಾ ನೋಡೋಣ’ ಅಂತಾರೆ. ಓಡುತ್ತದೆ, ಸ್ವಲ್ಪ ಹೊತ್ತು. ದಯವಿಟ್ಟು ಆ ಕವರ್ ಬಿಚ್ಚಿ. ನಾಲ್ಕಾರು ಬೋಲ್ಟ್ ಕೆಲಸ.

ಕಿಡಿಯ ವಿಷಯ ಮೈಸೂರಿನವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಐಡಿಯಲ್ ಜಾವಾ ಕಾರ್ಖಾನೆ ನಮ್ಮೂರಲ್ಲಿ ಬೈಕ್ ಮಾಡಲು ಶುರು ಮಾಡಿದ್ದೂ 1961ರ ಹೊತ್ತಿಗೆ. ಜಾವಾ, ಯೆಜ್ಡಿ ಓಡಿಸಿದವರಿಗೆಲ್ಲ ಪಾಯಿಂಟ್ಸ್ ಅಂದರೆ ಗೊತ್ತು, ಕಿಡಿ ಹಾರಿಸಲು ಕರೆಂಟ್ ಕಡಿದು ಕೂಡಿಸುವ ಸಣ್ಣ ಸ್ವಿಚ್. ಕೊಹ್ಲರಿನದೂ ಅದೇ ಕಥೆ. ಪಾಯಿಂಟ್ಸ್, ಕಂಡೆನ್ಸರ್, ಕಾಯಿಲ್. ಇಲ್ಲಿ ಪಾಯಿಂಟ್ಸ್ ಎಂಜಿನ್ ಹೊರಗೇ ಒಂದು ಸಣ್ಣ ಮುಚ್ಚಳದಡಿ ಇರುವುದರಿಂದ ಕೆಲಸ ಇನ್ನೂ ಸುಲಭ. ಸಂದಿ ಅಳೆಯುವ ತೆಳು ತಗಡು, ಫೀಲರ್ ಗೇಜ್, ಇಟ್ಟು 0.020 ಇಂಚು ಗ್ಯಾಪ್ ಬಿಡಿ. ಕಪ್ಪಾಗಿದ್ದರೆ ಉಜ್ಜಿ, ಗುಳಿ ಬಿದ್ದಿದ್ದರೆ ಹೊಸದು ಹಾಕಿ. ‘ಎಂಜಿನ್ ಹೋಗಿದೆ’ ಅಂತ ಕಡಿಮೆಗೆ ಮಾರುವ ಗಾಡಿಗಳಲ್ಲಿ ಎಷ್ಟೋ ಸಲ ಹೋಗಿರುವುದು ಇಷ್ಟೇ. ಇಲ್ಲಿನ ಹುಡುಗರಿಗೆ ಇದು ಮರೆತುಹೋದ ವಿದ್ಯೆ. ಮಂಡಿ ಮೊಹಲ್ಲಾದ ಯಾವ ಹಳೇ ಮೆಕ್ಯಾನಿಕ್ ಬಂದರೂ ಬೀಡಿ ಆರುವುದರೊಳಗೆ ಮುಗಿಸಿಬಿಡ್ತಾರೆ.

ಪೆಟ್ರೋಲ್ ಬಗ್ಗೆ ಊರಲ್ಲೂ ಈಗ ಇ20 (ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್) ಜಗಳ ಇದೆಯಲ್ವಾ? ಇಲ್ಲಿ ಶೇ 10ರ ಎಥನಾಲ್ ಹಳೇ ಸುದ್ದಿ. ಅದು ನೀರು ಹೀರುತ್ತದೆ, ಹಳೆಯ ರಬ್ಬರ್ ಪೈಪನ್ನು ಮೆತ್ತಗೆ ಮಾಡುತ್ತದೆ. ತಿಂಗಳುಗಟ್ಟಲೆ ನಿಂತರೆ ಕಾರ್ಬುರೇಟರ್ ಜೆಟ್‌ಗಳಲ್ಲಿ ಅಂಟು ಕೂರುತ್ತದೆ. ನಾನು ಎಥನಾಲ್ ಇಲ್ಲದ ಪೆಟ್ರೋಲನ್ನೇ ಹಾಕುವುದು. ದುಡ್ಡು ಜಾಸ್ತಿ, ಪರವಾಗಿಲ್ಲ.

ಈಗ ಬಣ್ಣಕ್ಕೆ ಬರೋಣ. 1969ರಲ್ಲಿ ಜಾನ್ ಡಿಯರ್ ಒಂದು ವಿಚಿತ್ರ ಕೆಲಸ ಮಾಡಿತು. ಗಾಡಿಗೆ ಬಿಳಿ ಬಣ್ಣ ಬಳಿದು, ಹುಡ್ (ಬಾನೆಟ್) ಮತ್ತು ಸೀಟಿಗೆ ಕೆಂಪು, ಕಿತ್ತಳೆ, ನೀಲಿ, ಹಳದಿ ಅಂತ ನಾಲ್ಕು ಆಯ್ಕೆ ಕೊಟ್ಟಿತು. ಹಸಿರು ನೋಡಿ ಬೆಳೆದ ಜನಕ್ಕೆ ಅದು ಹಿಡಿಸಲಿಲ್ಲ. 1971ರ ಹೊತ್ತಿಗೆ ಆ ಬಣ್ಣಗಳು ನಿಂತೇ ಹೋದವು. ಇವತ್ತು ಅವು ಅಪರೂಪ, ಹುಡುಕುವವರು ಬಹಳ. ಯಾರೋ ಪುಣ್ಯಾತ್ಮರು ‘ರಿಸ್ಟೋರ್’ ಮಾಡ್ತೀನಿ ಅಂತ ಅಂಥ ಗಾಡಿಗೂ ಹಸಿರು ಬಳಿದುಬಿಟ್ಟಿರುತ್ತಾರೆ. ಡ್ಯಾಶ್ ಒಳಗೆ, ಫೆಂಡರ್ (ಮಡ್‌ಗಾರ್ಡ್) ಅಡಿಯಲ್ಲಿ ಉಗುರಿನಿಂದ ಕೆರೆದು ನೋಡಿದರೆ ಬಿಳಿ ಇಣುಕುತ್ತದೆ. ಅದಕ್ಕೇ ಹೇಳುವುದು, ಸುಮ್ನೆ ಸ್ಪ್ರೇ ಎತ್ತಿಕೊಳ್ಳಬೇಡಿ. ಮೊದಲು ತೊಳೆದು, ಒರೆಸಿ, ಏನಿದೆ ನೋಡಿ. ಉಜ್ಜಲೇಬೇಕಾದರೆ ಮಾಸ್ಕ್ ಹಾಕಿಕೊಳ್ಳಿ, ಆ ಕಾಲದ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇದೆ.

ಮೂಲದಲ್ಲಿ ಇದ್ದ ಹಾಗೇ ಇರಬೇಕು ಅನ್ನುವವರ ಜೊತೆಗೂ ನನಗೆ ಪೂರ್ತಿ ಹೊಂದಲ್ಲ. 60ರ ದಶಕದ ಆರಂಭದ ಗಾಡಿಗಳಲ್ಲಿ ಎದ್ದರೆ ಎಂಜಿನ್ ನಿಲ್ಲಿಸುವ ಸ್ವಿಚ್ ಸೀಟಿನಡಿ ಇರಲಿಲ್ಲ. ನೀವು ಬಿದ್ದರೂ ಗಾಡಿ ಹೋಗ್ತಾನೇ ಇರುತ್ತದೆ, ಹುಲ್ಲು ಕತ್ತರಿಸುವ ಬ್ಲೇಡೂ ತಿರುಗುತ್ತಾನೇ ಇರುತ್ತದೆ. ನಾನು ಸ್ವಿಚ್ ಹಾಕಿದ್ದೇನೆ. ಕಾರ್ಖಾನೆಯಿಂದ ಬಂದದ್ದಲ್ಲ ಅಂತ ಒಬ್ಬರು ಮೂತಿ ತಿರುವಿದರು. ತಿರುವಲಿ. ಮನೆಯಲ್ಲಿ ಮಕ್ಕಳು ಓಡಾಡ್ತಾರೆ.

ನನ್ನ 110ರ ಹುಡ್ ಮೇಲೆ ಬಣ್ಣ ಅರ್ಧ ಮಾಸಿದೆ, ಒಂದು ಫೆಂಡರಿಗೆ ನೆಗ್ಗು ಬಿದ್ದಿದೆ. ಮುಟ್ಟಿಲ್ಲ. ಈ ಚಳಿಗಾಲಕ್ಕೆ ಮುಂದೆ ಹಿಮ ತಳ್ಳುವ ಬ್ಲೇಡ್ ಕಟ್ಟಬೇಕು. ಬ್ಲೇಡ್ ಸಿಕ್ಕಿದೆ, ಅದನ್ನು ಎತ್ತುವ ಲಿವರ್ ಸಿಕ್ಕಿಲ್ಲ. ಈ ಕಡೆಯ ಕನ್ನಡದವರು ಯಾರಾದರೂ ಹಳೇ ಫಾರ್ಮ್ ಸಾಮಾನಿನ ಹರಾಜಿಗೆ ಹೋದರೆ ಸ್ವಲ್ಪ ಕಣ್ಣಿಟ್ಟಿರಿ. ತುಕ್ಕು ಹಿಡಿದಿದ್ದರೂ ಸರಿ, ಪೇಂಟ್ ಹೊಡೆದು ಮಾತ್ರ ಕಳಿಸಬೇಡಿ.