ಕೈ ಬಿದ್ದುಹೋದರಷ್ಟೇ ಲಕ್ವವಲ್ಲ

ಲಕ್ವ ಹೊಡೆಯಿತೆಂದರೆ ನಮಗೆಲ್ಲ ನೆನಪಾಗುವುದು ಸ್ವಾಧೀನ ತಪ್ಪಿದ ಕೈಕಾಲು, ವಾರೆಯಾದ ಬಾಯಿ, ತೊದಲುವ ಮಾತು. ಬಹುತೇಕ ಆಗುವುದೂ ಹಾಗೆಯೇ. ಆದರೆ ಅಪರೂಪಕ್ಕೊಮ್ಮೆ, ಮಿದುಳಿನ ರಕ್ತನಾಳ ಕಟ್ಟಿಕೊಂಡಾಗ, ಒಂದು ಬದಿಯ ಕೈಕಾಲುಗಳು ತಮ್ಮಷ್ಟಕ್ಕೆ ತಾವೇ ಆಡತೊಡಗುತ್ತವೆ. ಇದೂ ಪಾರ್ಶ್ವವಾಯುವೇ ಎಂಬುದು ಮನೆಮನೆಗೂ ತಿಳಿದಿರಬೇಕು.

ನಮ್ಮ ದೊಡ್ಡಮ್ಮನಲ್ಲಿ ಇದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಅವರ ಎಡಗೈ ಭುಜದಿಂದಲೇ ಬೀಸಿ ಬೀಸಿ ಮಂಚಕ್ಕೆ ಬಡಿಯುತ್ತಿತ್ತು; ಅವರು ಅದನ್ನು ಸೆರಗಿನಲ್ಲಿ ಸುತ್ತಿ, ತೊಡೆಯ ಕೆಳಗೆ ಅದುಮಿಕೊಂಡು ಕೂರುತ್ತಿದ್ದರು. ನಿದ್ದೆ ಹತ್ತಿತೆಂದರೆ ಕೈ ಸುಮ್ಮನಾಗುತ್ತಿತ್ತು. ಅದನ್ನೇ ಹಿಡಿದು, ಬೇಕೆಂದೇ ಮಾಡುತ್ತಾರೆ ಎಂದವರಿದ್ದರು. ಮೈಮೇಲೆ ಏನೋ ಬಂದಿದೆ ಎಂದವರೂ ಇದ್ದರು. ನಿದ್ದೆಯಲ್ಲಿ ಅಡಗುವುದು ಈ ಕಾಯಿಲೆಯ ಲಕ್ಷಣವೆಂದು ತಿಳಿಯದೆ ಆಡಿದ ಆ ಮಾತುಗಳು ಅವರನ್ನು ಕಾಯಿಲೆಗಿಂತ ಹೆಚ್ಚು ನೋಯಿಸಿದವು.

ವೈದ್ಯರು ಇದನ್ನು ಹೆಮಿಬ್ಯಾಲಿಸ್ಮಸ್ ಎನ್ನುತ್ತಾರೆ. ಬೀಸುವಿಕೆಯಿಲ್ಲದೆ ಕೈಕಾಲು ಕುಣಿದಂತಾಡಿದರೆ ಹೆಮಿಕೋರಿಯಾ. ಮಿದುಳಿನ ಆಳದಲ್ಲಿರುವ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ ಪುಟ್ಟ ಭಾಗವನ್ನು ಫ್ರಾನ್ಸಿನ ವೈದ್ಯ ಜೂಲ್ಸ್ ಬರ್ನಾರ್ಡ್ ಲೂಯಿಸ್ 1865ರಲ್ಲಿ ವಿವರಿಸಿದರು. ಬೇಡದ ಚಲನೆಗಳನ್ನು ತಡೆಯುವ ವ್ಯವಸ್ಥೆಗೆ ಇದರ ಬಲ ಬೇಕು. ಬಲಬದಿಯಲ್ಲಿ ಇದಕ್ಕೋ ಇದರೊಡನೆ ಬೆಸೆದ ಜಾಲಕ್ಕೋ ರಕ್ತ ತಪ್ಪಿದರೆ ಎಡಗೈ, ಎಡಗಾಲು ಹತೋಟಿ ಮೀರುತ್ತವೆ.

ಸಕ್ಕರೆ ಕಾಯಿಲೆಯವರ ಮನೆಯವರು ಇನ್ನೊಂದು ಮಾತನ್ನು ಗಮನಿಸಬೇಕು. ಪಾರ್ಶ್ವವಾಯು ಇಲ್ಲದೆಯೂ, ರಕ್ತದಲ್ಲಿ ಸಕ್ಕರೆ ವಿಪರೀತ ಏರಿದಾಗ ಇಂಥದೇ ಚಲನೆ ಕಾಣಿಸಬಹುದು. ಸಕ್ಕರೆಯನ್ನು ಹತೋಟಿಗೆ ತಂದರೆ ಹಲವರಲ್ಲಿ ಅದು ಇಳಿಯುತ್ತದೆ. ಹಾಗಾಗಿ ಆಸ್ಪತ್ರೆಯಲ್ಲಿ ಸ್ಕ್ಯಾನಿನ ಜೊತೆಗೆ ಸಕ್ಕರೆ ಪರೀಕ್ಷೆಯೂ ಆಗಲೇಬೇಕು. ಇನ್ನು ಕೆಲವರಿಗೆ ಎದ್ದು ನಿಂತಾಗ ಒಂದು ಕೈ ಕೆಲಹೊತ್ತು ನಡುಗಿ ನಿಲ್ಲುತ್ತದೆ. ಫಿಟ್ಸ್ ಎಂದು ಬಗೆಯುವ ಈ ನಡುಕ ಕುತ್ತಿಗೆಯ ರಕ್ತನಾಳ ತೀರಾ ಕಿರಿದಾಗಿರುವುದರ ಸೂಚನೆಯಾಗಿರಬಹುದು, ಮುಂದೆ ದೊಡ್ಡ ಪಾರ್ಶ್ವವಾಯು ಬರುವ ಮುನ್ನೆಚ್ಚರಿಕೆಯೂ ಆಗಿರಬಹುದು.

ಮದ್ದು ಇದೆ. ಟೆಟ್ರಾಬೆನಜೀನ್, ಹ್ಯಾಲೊಪೆರಿಡಾಲ್‌ನಂಥ ಔಷಧಗಳನ್ನು ವೈದ್ಯರು ಅಳೆದು ಕೊಡುತ್ತಾರೆ. ಅನೇಕರಲ್ಲಿ ವಾರಗಳಲ್ಲೋ ತಿಂಗಳುಗಳಲ್ಲೋ ಚಲನೆ ತಾನಾಗಿಯೇ ತಗ್ಗುತ್ತದೆ. ಆದರೆ ಮೂಲದಲ್ಲಿರುವುದು ಪಾರ್ಶ್ವವಾಯುವಾದ್ದರಿಂದ, ರಕ್ತದೊತ್ತಡ, ಸಕ್ಕರೆ, ಹೃದಯದ ತಪಾಸಣೆಯನ್ನು ಕೈ ನಿಂತ ಮೇಲೂ ಬಿಡುವಂತಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಗಳ ಗೋಡೆಯ ಮೇಲೆ ಪಾರ್ಶ್ವವಾಯುವಿನ ಲಕ್ಷಣಗಳನ್ನು ಬರೆಯುವಾಗ, ಒಂದು ಬದಿಯ ಕೈಕಾಲು ಹಠಾತ್ತನೆ ತಾನೇ ಆಡಿದರೂ ತಡಮಾಡದೆ ಆಸ್ಪತ್ರೆಗೆ ಕರೆತನ್ನಿ ಎಂಬ ಸಾಲನ್ನೂ ಸೇರಿಸಬೇಕೆಂಬುದು ನನ್ನ ಒತ್ತಾಯ.